ಮೆಣಸಿನಕಾಯಿ ಮನೆಯ ಎರೆಹುಳು

ನರಗುಂದಕ್ಕೆ ವರ್ಗವಾಗಿ ಬಂದ ಮೊದಲ ವಾರದಲ್ಲೇ ನಾನು ಅಲ್ಲಿಂದ ಹೊರಡುವ ಯೋಚನೆ ಮಾಡಿದ್ದೆ. ಊರಿನ ತಪ್ಪೇನೂ ಇರಲಿಲ್ಲ. ಯಾವ ಊರಿಗೆ ಹೋದರೂ ನನ್ನ ಹಣೆಬರಹ ಅಷ್ಟೇ. ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಗಜೇಂದ್ರಗಡದಲ್ಲಿದ್ದಾಗ ಒಂದು ಮನೆಯಲ್ಲಿ ಗಾಳಿಯೇ ಬರುವುದಿಲ್ಲ ಎಂದು ಬಿಟ್ಟೆ, ಮುಂದಿನ ಮನೆಯಲ್ಲಿ ಗುಡ್ಡದ ಗಾಳಿ ಅತಿಯಾಯಿತೆಂದು ಬಿಟ್ಟೆ. ಮೂರನೆಯದರಲ್ಲಿ ಹೇಳುವುದಕ್ಕೆ ಯಾವ ಕೊರತೆಯೂ ಸಿಗದೆ, ಊರನ್ನೇ ಬಿಟ್ಟೆ. ಜೊತೆಯ ನರ್ಸ್ ಬಸ್ಸಿಗೆ ನನ್ನ ಟ್ರಂಕು ಎತ್ತಿಸುತ್ತಾ, "ನಿನ್ನ ಕಾಲಾಗ ಗಾಲಿ ಅದಾವ ನೋಡವಾ" ಎಂದಿದ್ದಳು.

ಗಾಲಿ ಇದ್ದದ್ದು ಖರೆ, ಆದರೆ ಕಾಲಿನಲ್ಲಿ ಅಲ್ಲ. ನನ್ನಪ್ಪ ರಸ್ತೆ ಮಾಡುವ ರೋಲರ್ ಓಡಿಸುತ್ತಿದ್ದ. ರಸ್ತೆ ಎಲ್ಲಿಗೆ ಬಂದಿರುತ್ತಿತ್ತೋ ಅಲ್ಲಿಗೆ ನಮ್ಮ ಡೇರೆ ಬರುತ್ತಿತ್ತು. ಇವತ್ತು ಅಸೂಟಿಯ ಹೊರಗೆ, ಮುಂದೆ ರಾಜೂರಿನ ಹಾದಿಯಲ್ಲಿ. ಅವ್ವನಿಗೆ ಒಂದು ಚಟ. ಡೇರೆ ಹೊಡೆದ ದಿನವೇ ಬಚ್ಚಲ ನೀರು ಹರಿದು ಹೋಗುವ ಕಡೆ ಅಂಗೈ ಅಗಲದ ಮಡಿ ಮಾಡಿ, ಕೊತ್ತಂಬರಿ ಕಾಳನ್ನು ನೆಲದ ಮೇಲೆ ಹರವಿ, ಚಪ್ಪಲಿಯಿಂದ ಮೆಲ್ಲಗೆ ತಿಕ್ಕಿ ಹೋಳು ಮಾಡಿ ಬಿತ್ತುತ್ತಿದ್ದಳು. ಕೊತ್ತಂಬರಿ ಏಳುವುದಕ್ಕೆ ತಡ. ಅದು ಎದ್ದು ಎಲೆ ಬಿಡುವ ಹೊತ್ತಿಗೆ ರೋಲರ್ ಮುಂದೆ ಹೋಗಿರುತ್ತಿತ್ತು, ಅದರ ಹಿಂದೆ ನಾವು. ಅವ್ವ ಹೊರಡುವಾಗಲೂ ಮಡಿಗೆ ಒಂದು ತಂಬಿಗೆ ನೀರು ಹಾಕಿಯೇ ಹೊರಡುತ್ತಿದ್ದಳು. ನಾವು ಬಿತ್ತಿದ ಕೊತ್ತಂಬರಿಯನ್ನು ಕುರಿ ತಿಂದವೋ, ಹಾದಿಹೋಕರು ಕಿತ್ತರೋ ಗೊತ್ತಿಲ್ಲ. ಒಂದು ಎಳೆಯೂ ನಮ್ಮ ಸಾರಿಗೆ ಬೀಳಲಿಲ್ಲ. ನನಗೆ ಮೂವತ್ತು ದಾಟಿದರೂ, ನನ್ನ ಕೈಯಿಂದ ಬಿತ್ತಿದ ಒಂದು ಎಲೆಯನ್ನು ನಾನು ತಿಂದಿರಲಿಲ್ಲ. ಈ ಮಾತು ಯಾರಿಗಾದರೂ ಹೇಳಿದರೆ ನಗುತ್ತಿದ್ದರು, ಹೀಗಾಗಿ ಹೇಳುತ್ತಿರಲಿಲ್ಲ.

ನರಗುಂದದಲ್ಲಿ ನನಗೆ ಬಾಡಿಗೆಗೆ ಸಿಕ್ಕದ್ದು ಮೆಣಸಿನಕಾಯಿ ವ್ಯಾಪಾರದ ಒಂದು ಮುಸಲ್ಮಾನ ಕುಟುಂಬದ ಮನೆಯ ಹಿಂಭಾಗ. ಮುಂದಿನ ಪಡಸಾಲೆಯ ತುಂಬ ಮೆಣಸಿನಕಾಯಿ ಚೀಲ. ಯಜಮಾನರು ಮುಂಜಾನೆ ಪೇಟೆಗೆ ಹೋದರೆ ಸಂಜೆಗೇ ಬರುವವರು, ಮನೆಯೆಲ್ಲ ಅವರ ಹೆಂಡತಿಯದೇ ಕಾರುಬಾರು. ಐವತ್ತರ ಹೆಂಗಸು, ಕಂಠ ಗಟ್ಟಿ, ಕೈ ಧಾರಾಳ. ನನ್ನನ್ನು ಮರ್ಯಾದೆಯಿಂದ ಬಾಯಾರ ಎಂದು ಕರೆಯುತ್ತಿದ್ದರು. ಹೊಸ್ತಿಲು ದಾಟಿದ ಯಾರೇ ಆದರೂ ಸಾಲಾಗಿ ಸೀನುತ್ತಿದ್ದರು. ನಾನಂತೂ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಒಳಗೆ ಹೋಗಬೇಕು. ಅವರ ಮನೆಯವರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ.

"ಎಲ್ಲೈತ್ರಿ ಘಾಟು?" ಎಂದು ಮನೆಯೊಡತಿ ನಿಜವಾಗಿಯೂ ಅಚ್ಚರಿಯಿಂದ ಕೇಳುತ್ತಿದ್ದರು. "ನಮಗೇನೂ ಗೊತ್ತಾಗೂದಿಲ್ಲ ನೋಡ್ರಿ."

ನನ್ನ ಕೋಣೆಯ ಹಿಂದೆ ಹಿತ್ತಲಿತ್ತು. ಹಿಂದೆ ಅವರು ಎತ್ತು ಕಟ್ಟುತ್ತಿದ್ದ ಕಾಲದ ಒಂದು ಕಲ್ಲಿನ ಡೋಣಿ ಅಲ್ಲಿ ಹಾಳು ಬಿದ್ದಿತ್ತು. ದನಗಳಿಗೆ ನೀರು ಕುಡಿಸುವಂಥದ್ದು, ತಳದಲ್ಲಿ ನೀರು ಬಿಡಲು ಒಂದು ತೂತು. ಉಳಿದದ್ದು ಬರೀ ಬಿರಿದ ನೆಲ. ಅಲ್ಲಿ ಏನು ಹಾಕಿದರೂ ಏಳುವುದಿಲ್ಲ ಎಂದು ಮನೆಯೊಡತಿ ಮೊದಲೇ ಹೇಳಿದ್ದರು.

ಶಿರೋಳಕ್ಕೆ ಮಕ್ಕಳಿಗೆ ಲಸಿಕೆ ಹಾಕಲು ಹೋದ ದಿನ ಒಬ್ಬ ರೈತರ ಮನೆಯ ಹಿಂದೆ, ಬೇವಿನ ಮರದ ನೆರಳಲ್ಲಿ, ಗೋಣಿತಟ್ಟು ಹೊದಿಸಿದ ತೊಟ್ಟಿಗಳನ್ನು ಕಂಡೆ. ನಾನು ಸುಮ್ಮನಿರುವವಳೇ? ಎತ್ತಿ ನೋಡಿದೆ. ಕೆಂಪು ಹುಳುಗಳು ಬೆಳಕು ಬಿದ್ದ ಕೂಡಲೇ ಒಳಗೆ ನುಸುಳಿದವು. ಎರೆಗೊಬ್ಬರ ಎಂದರು ರೈತರು. ಸಗಣಿ, ಕಸ, ಒಣ ಎಲೆ ಹಾಕಿ ತಂಪಾಗಿ ಇಟ್ಟರೆ ಹುಳು ತಿಂದು ಗೊಬ್ಬರ ಮಾಡುತ್ತವೆ, ಕಲ್ಲಿನಂಥ ನೆಲವೂ ಮೆತ್ತಗಾಗುತ್ತದೆ ಎಂದರು. ಕೇಳಿದ ತಕ್ಷಣ ನನಗೆ ಅವು ಬೇಕೇ ಬೇಕು ಅನ್ನಿಸಿತು. ಊಟದ ಡಬ್ಬಿ ಖಾಲಿ ಮಾಡಿ ಮುಂದೆ ಹಿಡಿದೆ. ಅವರು ನಗುತ್ತಲೇ ಹಸಿ ಗೊಬ್ಬರದ ಸಮೇತ ಎರಡು ಬೊಗಸೆ ಹುಳು ತುಂಬಿಸಿದರು.

"ಒಂದ ಮಾತು ನೆನಪಿಡ್ರಿ ಸಿಸ್ಟರ್," ಎಂದರು. "ಮ್ಯಾಲಿಂದ ಮ್ಯಾಲೆ ಎತ್ತಿ ನೋಡಬ್ಯಾಡ್ರಿ. ಅವನ್ನ ಅವುಗಳ ಪಾಡಿಗೆ ಬಿಡಬೇಕು."

ಈ ಜಗತ್ತಿನಲ್ಲಿ ನನಗೆ ಆಗದ ಕೆಲಸ ಯಾವುದಾದರೂ ಇದ್ದರೆ ಅದೊಂದೇ.

ಮನೆಗೆ ಬಂದು ಡಬ್ಬಿ ತೆರೆದದ್ದೇ ಮನೆಯೊಡತಿ ಎರಡು ಹೆಜ್ಜೆ ಹಿಂದೆ ಸರಿದರು. "ದವಾಖಾನಿ ಮಂದಿ ನೀವು. ಉಣ್ಣೂ ಡಬ್ಬ್ಯಾಗ ಹುಳಾ ತಂದೀರಲ್ರಿ."

ನಾನು ಗೊಬ್ಬರದ ಕತೆ ಹೇಳಿದೆ. ಡೋಣಿ ಕೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡರು.

"ಎಷ್ಟ ದಿನಕ್ಕ ಆಗತೈತ್ರಿ ಇದು?"

"ಮೂರ್ನಾಕು ತಿಂಗಳಾದ್ರೂ ಬೇಕು. ಆಮ್ಯಾಲೆ ಆ ಗೊಬ್ಬರ ಹಾಕಿ ಕೊತ್ತಂಬರಿ ಬಿತ್ತತೀನಿ."

"ಅಲ್ಲೀತನಾ ನೀವ ಇರ್ತೀರೇನ್ರಿ ಇಲ್ಲೆ? ಬಂದ ದಿನದಿಂದ ನಿಮ್ಮ ಟ್ರಂಕು ಬಿಚ್ಚಿಲ್ಲ."

ಮಾತು ಚುಚ್ಚಿತು. ಚುಚ್ಚಿದ್ದು ಸುಳ್ಳೆಂದಲ್ಲ. ಆ ಸಿಟ್ಟಿನಲ್ಲೇ ಟ್ರಂಕಿನಿಂದ ಸೀರೆಗಳನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಈ ಸಲ ಕೊತ್ತಂಬರಿ ತಿಂದೇ ಹೋಗುತ್ತೇನೆ, ಯಾರು ಬೇಡ ಅಂದರೂ ಸರಿ ಎಂದುಕೊಂಡೆ.

ಡೋಣಿಯ ತಳಕ್ಕೆ ಇಟ್ಟಂಗಿ ಚೂರು, ಅದರ ಮೇಲೆ ಜೋಳದ ದಂಟು, ಅದರ ಮೇಲೆ ಪಕ್ಕದ ಮನೆಯ ಎಮ್ಮೆಯ ಹಳೆಯ ಸಗಣಿ. ಹುಳುಗಳನ್ನು ಬಿಟ್ಟು, ದವಾಖಾನೆಯ ಅಟ್ಟದ ಮೇಲೆ ಬಿದ್ದಿದ್ದ ಸವೆದ ಗೋಣಿತಟ್ಟನ್ನು ತಂದು ಹೊದಿಸಿದೆ. ಅಲ್ಲಿಗೆ ಕೆಲಸ ಮುಗಿಯಿತು. ಕೆಲಸ ಮುಗಿದದ್ದೇ ನನಗೆ ಕಷ್ಟವಾಯಿತು. ಮುಂಜಾನೆ ಹಲ್ಲುಜ್ಜುತ್ತಾ ತಟ್ಟು ಎತ್ತಿ ನೋಡುತ್ತಿದ್ದೆ. ಡ್ಯೂಟಿಗೆ ಹೋಗುವಾಗ ಚಪ್ಪಲಿ ಹಾಕಿಕೊಂಡವಳು ಮತ್ತೆ ಬಿಟ್ಟು ಹೋಗಿ ನೋಡುತ್ತಿದ್ದೆ. ಸಂಜೆ ಬಂದು ಕೈಚೀಲ ಕೆಳಗಿಡುವ ಮೊದಲೇ ಕಡ್ಡಿಯಿಂದ ಕೆದಕುತ್ತಿದ್ದೆ. ಅದೇ ಸಗಣಿ, ಅದೇ ದಂಟು. ಹುಳುಗಳು ಏನೂ ಮಾಡುತ್ತಿಲ್ಲ, ಮೈಗಳ್ಳರು ಎಂದು ಬಯ್ಯುತ್ತಿದ್ದೆ. ಸೂಜಿ ಚುಚ್ಚಿದರೆ ಜ್ವರ ಇಳಿಯುವ ಕೆಲಸ ನನ್ನದು. ತಿಂಗಳುಗಟ್ಟಲೆ ಕಾಯುವ ಚಿಕಿತ್ಸೆ ನನಗೆ ಗೊತ್ತಿರಲಿಲ್ಲ.

"ಹಾಲಿಗೆ ಹೆಪ್ಪ ಹಾಕಿ ತಾಸಿಗೊಮ್ಮೆ ಬೆರಳ ಹಾಕಿ ನೋಡ್ತಾರೇನ್ರಿ?" ಎಂದು ಮನೆಯೊಡತಿ ಗದರಿದರು. "ನೀವು ಹಿಂಗ ಮಾಡಿದ್ರ ಅವು ನಿದ್ದಿ ಯಾವಾಗ ಮಾಡಬೇಕು, ಕೂಳು ಯಾವಾಗ ತಿನ್ನಬೇಕು?"

ಗದರುವವರು ತಾವೇ ಒಂದು ದಿನ ಕಲ್ಲಂಗಡಿ ಸಿಪ್ಪೆ ಹಿಡಿದು ಬಂದು ಡೋಣಿಯ ಅಂಚಿನಲ್ಲಿ ನಿಂತಿದ್ದರು. ಆಮೇಲೆ ಬಾಳೆಹಣ್ಣಿನ ಸಿಪ್ಪೆ, ಸೋಸಿದ ಚಹಾಪುಡಿ ಎಲ್ಲ ಬರತೊಡಗಿದವು. "ನಿಮ್ಮ ಮಂದೀದು ಊಟ ಆತೇನ್ರಿ?" ಎಂದು ಕೇಳುತ್ತಿದ್ದರು. ನಡುನಡುವೆ ನನ್ನ ಊಟದ ಡಬ್ಬಿಗೂ ಒಂದು ಪಲ್ಯ ಬೀಳುತ್ತಿತ್ತು, ಕಣ್ಣಲ್ಲಿ ನೀರು ಬರಿಸುವಷ್ಟು ಖಾರ. ಚಳಿಗಾಲ ಮುಗಿಯುವ ಹೊತ್ತಿಗೆ ತಟ್ಟಿನ ಕೆಳಗೆ ನವಣೆ ಕಾಳಿನಂಥ ಹಳದಿ ತತ್ತಿಗಳು ಕಂಡವು. ಅವರನ್ನು ಕೂಗಿ ಕರೆದೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದೆವು. ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನನಗೇ ಆಮೇಲೆ ಹೊಳೆಯಿತು.

ಬೇಸಿಗೆ ಶುರುವಾದಾಗ, ಪೇಟೆಗೆ ಮೆಣಸಿನಕಾಯಿ ಗಾಡಿಗಳು ಒಂದೇ ಸಮ ಬರುತ್ತಿದ್ದ ದಿನಗಳಲ್ಲಿ, ನನ್ನನ್ನು ತರಬೇತಿಗೆಂದು ಗಜೇಂದ್ರಗಡಕ್ಕೆ ಕಳಿಸಿದರು. ಡೋಣಿಯನ್ನು ಮನೆಯೊಡತಿಗೆ ಒಪ್ಪಿಸಿ ಹೋದೆ. ತರಬೇತಿಯಲ್ಲಿ ಯಾರೇನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಕಿಟಕಿಯಿಂದ ಬಿಸಿಲು ನೋಡುತ್ತಾ, ನೀರು ಹಾಕಿದರೋ ಇಲ್ಲವೋ, ಕೋಳಿ ಕೆದರಿತೋ ಏನೋ ಎಂದು ಕಾಲು ಕುಣಿಸುತ್ತಾ ಕೂತಿದ್ದೆ. ತರಬೇತಿ ಮುಗಿದ ಮರುದಿನ ಮೊದಲ ಬಸ್ಸು ಹತ್ತಿ, ಬಿಸಿಲೇರುವ ಮೊದಲೇ ನರಗುಂದದಲ್ಲಿದ್ದೆ.

ಹಿತ್ತಲ ಬಾಗಿಲು ತೆರೆದಾಗ ಮೊದಲು ಕಂಡದ್ದು ಗೋಡೆ. ಗೋಡೆಯ ಮೇಲೆ ಹುಳು. ಡೋಣಿಯ ಹೊರಮೈ ತುಂಬ ಹುಳು, ಕೆಳಗೆ ಕಲ್ಲಿನ ಮೇಲೆ ಹುಳು. ಬಹಳಷ್ಟು ಆಗಲೇ ಒಣಗಿ ಸುತಳಿ ತುಂಡಿನ ಹಾಗೆ ಬಿದ್ದಿದ್ದವು. ಬದುಕಿದ್ದವು ಇನ್ನೂ ಹರಿಯುತ್ತಲೇ ಇದ್ದವು, ಎಲ್ಲಿಗೆ ಎಂದು ಅವಕ್ಕೂ ಗೊತ್ತಿರಲಿಲ್ಲ. ಡೋಣಿಯ ಮೇಲೆ ನನ್ನ ಸವೆದ ತಟ್ಟು ಇರಲಿಲ್ಲ. ಹೊಚ್ಚ ಹೊಸ ಚೀಲವೊಂದನ್ನು ಬಿಚ್ಚಿ, ನಾಲ್ಕೂ ಮೂಲೆ ಒಪ್ಪವಾಗಿ ಎಳೆದು ಹೊದಿಸಲಾಗಿತ್ತು. ನೀರು ಚೆನ್ನಾಗಿ ಹಾಕಿದ್ದರು. ಎತ್ತಿದೆ. ಎತ್ತಿದವಳೇ ಸಾಲಾಗಿ ಸೀನಿದೆ.

ಸದ್ದಿಗೆ ಮನೆಯೊಡತಿ ಬಂದರು.

"ಈ ಚೀಲಾ ಎಲ್ಲೀದ್ರಿ?" ಎಂದೆ.

"ನಮ್ಮ ಅಂಗಡೀದು. ನಿಮ್ಮ ತಟ್ಟು ಜೂಲಜೂಲ ಆಗಿತ್ತು, ಬಿಸಲು ಒಳಗ ಬೀಳಾಕತ್ತಿತ್ತು. ಪಾಪ ಅಂತ ಹೊಸಾದು ತಂದು ಹಾಕೀನಿ. ಕಾಯಿ ತುಂಬಿದ್ದು ಒಂದ ಸಲ ಅಷ್ಟ."

ಒಂದು ಸಲ ಮೆಣಸಿನಕಾಯಿ ತುಂಬಿದ ಚೀಲ. ಎಳೆ ಎಳೆಯಲ್ಲೂ ಪುಡಿ ಕೂತಿತ್ತು. ಅದರ ಮೇಲೆ ನೀರು ಚಿಮುಕಿಸಿದಂತೆಲ್ಲ ಆ ಖಾರ ತೊಟ್ಟಿಕ್ಕಿ, ಚರ್ಮದ ಹೊರತು ಮೈಮೇಲೆ ಬೇರೇನೂ ಇಲ್ಲದ ಆ ಜೀವಗಳ ಮೇಲೆ ಇಳಿದಿತ್ತು. ನಾನು ಚೀಲವನ್ನು ಅವರ ಮುಖದ ಹತ್ತಿರ ಹಿಡಿದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಗಿಗೆ ಒತ್ತಿ, ಜೋರಾಗಿ ಉಸಿರೆಳೆದು ನೋಡಿದರು.

"ಏನೂ ಇಲ್ಲಲ್ರಿ ಇದರಾಗ," ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ತಿಳಿದಿತ್ತು, ಆದರೂ ನಾಲಿಗೆ ನಿಲ್ಲಲಿಲ್ಲ. "ನಿಮ್ಮ ಮೂಗು ಸತ್ತೈತ್ರಿ. ಅದರ ಸಲುವಾಗಿ ನನ್ನ ಹುಳಾನೂ ಸತ್ತು," ಎಂದೆ. ಅವರು ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು.

ಮುಖ ಕೂಡ ತೊಳೆಯದೆ ದವಾಖಾನೆಗೆ ಹೋದೆ. ರೋಣದ ದವಾಖಾನೆಯಲ್ಲಿ ಜಾಗ ಖಾಲಿ ಇದೆಯೆಂದು ಕೇಳಿದ್ದೆ. ವರ್ಗ ಬೇಕೆಂದು ಅಲ್ಲೇ ನಿಂತು ಅರ್ಜಿ ಬರೆದು ಕೊಟ್ಟೆ. ಬರೆಯುವಾಗ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಯಾವಾಗಲೂ ಹಾಗೆಯೇ. ಹೊರಡುತ್ತೇನೆ ಎಂದು ನಿಶ್ಚಯವಾದ ಗಳಿಗೆಯಲ್ಲೇ ನನಗೆ ಉಸಿರು ಸಲೀಸು.

ಸಂಜೆ ಬಂದರೆ ಮನೆಯೊಡತಿ ಹಿತ್ತಲಲ್ಲಿ ಕೂತಿದ್ದರು. ಬದುಕಿದ ಹುಳುಗಳನ್ನು ಒಂದೊಂದಾಗಿ ಕೈಯಿಂದಲೇ ಆಯ್ದು ಒದ್ದೆ ಅರಿವೆಯಲ್ಲಿ ಇಟ್ಟಿದ್ದರು. ಹುಳು ತಂದ ದಿನ ಡಬ್ಬಿ ನೋಡಿ ಹಿಂದೆ ಸರಿದ ಹೆಂಗಸು ಅವರೇ. ಡೋಣಿಯ ಮೇಲಿನ ಪದರನ್ನು ತೆಗೆದು ಚೆಲ್ಲಿದ್ದರು, ಪಕ್ಕದ ಮನೆಯಿಂದ ಹಳೆಯ ಸಗಣಿ ತರಿಸಿದ್ದರು. ಅವರ ತೊಡೆಯ ಮೇಲೆ ಒಂದು ಕೌದಿ ಇತ್ತು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಕೂಡಿಸಿ ಹೊಲಿದದ್ದು.

"ನಮ್ಮವ್ವ ಹೊಲದ ಕೊಟ್ಟದ್ದು," ಎಂದರು ನನ್ನ ಮುಖ ನೋಡದೆ. "ಪೆಟಿಗ್ಯಾಗ ಇತ್ತು. ಹತ್ತಿ ಅರಿವಿ. ಈ ಮನ್ಯಾಗ ಕಾಯಿ ಮುಟ್ಟದ ಅರಿವಿ ಇದೊಂದ ಇರಬೇಕು." ಆಮೇಲೆ ಅದನ್ನು ನನ್ನ ಕಡೆ ಚಾಚಿದರು. "ವಾಸನಿ ನೀವ ನೋಡ್ರಿ. ನನಗ ತಿಳಿಯೂದಿಲ್ಲ."

ಮೂಗಿಗೆ ಹಿಡಿದೆ. ಹಳೆಯ ಬಟ್ಟೆ, ಕಟ್ಟಿಗೆ ಪೆಟ್ಟಿಗೆ, ಅಷ್ಟೇ. "ಏನೂ ಇಲ್ಲ್ರಿ," ಎಂದೆ. ಅರ್ಜಿಯ ಸುದ್ದಿ ನಾಲಿಗೆ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಅವರು ಕೌದಿಗೆ ಕತ್ತರಿ ಹಾಕಿ, ಡೋಣಿಯ ಅಳತೆಗೆ ಕತ್ತರಿಸಿ, ನೀರಲ್ಲಿ ಅದ್ದಿ ಹೊದಿಸಿದರು. ನನಗೆ ಅವತ್ತು ನಾಚಿಕೆಯಾದಷ್ಟು ಯಾವತ್ತೂ ಆಗಿಲ್ಲ.

ಆ ಬೇಸಿಗೆಯಲ್ಲಿ ಇಬ್ಬರೂ ಸರದಿಯಂತೆ ಕೌದಿಗೆ ನೀರು ಚಿಮುಕಿಸಿದೆವು. ಕೊಳಾಯಿ ನೀರು ಬಾರದ ದಿನ ಅವರು ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡಿದ ನೀರನ್ನು ಹಿಡಿದಿಟ್ಟು ತಂದು ಹಾಕುತ್ತಿದ್ದರು. ಕೌದಿಯನ್ನು ಎತ್ತಿ ನೋಡುವುದಕ್ಕೆ ನನಗೆ ಧೈರ್ಯ ಸಾಲುತ್ತಿರಲಿಲ್ಲ, ಮತ್ತೆ ಸತ್ತದ್ದನ್ನು ನೋಡಬೇಕಾಗುತ್ತದೆಂಬ ಭಯ. ಹಾಗಾಗಿ ಶಿರೋಳದ ರೈತರು ಹೇಳಿದ್ದು ತಾನಾಗಿ ನಡೆಯಿತು. ಮುಂಗಾರಿಗೆ ಮುಂಚಿನ ಅಡ್ಡ ಮಳೆ ಬಿದ್ದ ಮೇಲೆ ಒಂದು ಮುಂಜಾನೆ ಕೌದಿ ಸರಿಸಿದರೆ ಸಗಣಿಯೂ ಇಲ್ಲ, ದಂಟೂ ಇಲ್ಲ. ಚಹಾಪುಡಿಯ ಹಾಗೆ ಕಪ್ಪಗೆ, ಹಗುರಾಗಿ, ಕಾಳು ಕಾಳಾಗಿ ಗೊಬ್ಬರ. ಕೆಳಗೆ ಮೊದಲಿಗಿಂತ ಹೆಚ್ಚು ಹುಳು.

ಮನೆಯೊಡತಿ ಒಂದು ಹಿಡಿ ತೆಗೆದುಕೊಂಡು ಮೂಗಿನ ಹತ್ತಿರ ಒಯ್ದರು. ಹಾಗೇ ನಿಂತರು.

"ಮಳಿ ವಾಸನಿ ಬರ್ತೈತ್ರಿ ಬಾಯಾರ," ಎಂದರು. "ನನಗೂ ಬರ್ತೈತಿ."

ಅವತ್ತೇ ಡೋಣಿಯ ಬದಿಯ ಬಿರಿದ ನೆಲ ಅಗೆದು, ಗೊಬ್ಬರ ಸುರಿದು ಮಡಿ ಮಾಡಿದೆ. ಕೊತ್ತಂಬರಿ ಕಾಳು ಹರವಿ ಚಪ್ಪಲಿಯಿಂದ ತಿಕ್ಕಿದೆ. ಕೈಗೆ ಎಲ್ಲ ನೆನಪಿತ್ತು. ಬಿತ್ತಿ, ಮಣ್ಣು ಮುಚ್ಚಿ, ಒಂದು ತಂಬಿಗೆ ನೀರು ಹಾಕಿದೆ.

ಆ ವಾರವೇ ವರ್ಗದ ಆದೇಶ ಬಂತು. ರೋಣಕ್ಕೆ. ನಾನೇ ಬೇಡಿ ತಂದುಕೊಂಡದ್ದು, ಯಾರನ್ನೂ ಬಯ್ಯುವ ಹಾಗಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

"ನೀವ ಬರದ ಕೊಟ್ಟಿದ್ರೇನ್ರಿ?" ಎಂದು ಕೇಳಿದರು.

"ಹೌದ್ರಿ. ಚೀಲದ ದಿನ."

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ರೊಟ್ಟಿ ಬೇಯಿಸಿ ಇಳಿಸಿ, "ಚಲೋ ಆತ ಬಿಡ್ರಿ," ಎಂದರು. ಇನ್ನೊಂದು ಹಿಟ್ಟಿನ ಮುದ್ದೆ ತೆಗೆದುಕೊಂಡು, "ಹುಳಾ ಒಯ್ತೀರೋ, ಬಿಟ್ಟ ಹೋಗ್ತೀರೋ?" ಎಂದರು. ಕೋಣೆಗೆ ಬಂದು ಟ್ರಂಕು ತುಂಬಿದೆ. ಗೂಡು ಖಾಲಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಈ ಸಲ ಎದೆಯ ಭಾರ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಮಡಿ ನೋಡಿದೆ. ಬರೀ ಮಣ್ಣು. ಮತ್ತೆ ಅದೇ. ಏಳುವ ಮೊದಲೇ ಹೊರಟದ್ದು. ಚಿಕ್ಕಂದಿನಲ್ಲಿ ಅಪ್ಪನ ರೋಲರಿನ ಮೇಲೆ ಬರುತ್ತಿದ್ದಷ್ಟು ಸಿಟ್ಟು ನನ್ನ ಮೇಲೆಯೇ ಬಂತು.

ರೋಣಕ್ಕೆ ಮೊದಲ ದಿನ ಕೈಚೀಲ ಮಾತ್ರ ಹಿಡಿದು ಹೋದೆ. ಕೋಣೆ ಗೊತ್ತು ಮಾಡಿ ಆಮೇಲೆ ಟ್ರಂಕು ತರುವುದೆಂದು. ಡ್ಯೂಟಿ ಮುಗಿದ ಮೇಲೆ ಅಲ್ಲಿಯ ನರ್ಸೊಬ್ಬಳು ಒಂದು ಕೋಣೆ ತೋರಿಸಿದಳು. ದವಾಖಾನೆಗೆ ಹತ್ತಿರ, ಗಾಳಿ ಹದವಾಗಿದೆ, ಮನೆಯೊಳಗೇ ನೀರು.

"ಹಿತ್ತಲಾ ಐತೇನ್ರಿ?" ಎಂದೆ.

"ಒಬ್ಬಾಕಿಗೆ ಹಿತ್ತಲಾ ಯಾಕ ಬೇಕವಾ?" ಎಂದಳು.

ನಾಳೆ ಹೇಳುತ್ತೇನೆಂದು ನರಗುಂದದ ಬಸ್ಸು ಹತ್ತಿದೆ. ಮರುದಿನವೂ ಹಾಗೆಯೇ ಹೋದೆ, ಹಾಗೆಯೇ ಬಂದೆ. ಅದರ ಮರುದಿನ ಇನ್ನೊಂದು ಕೋಣೆ ನೋಡಿ, ಅದರ ಬಾಗಿಲು ಸರಿಯಿಲ್ಲ ಎಂದೆ. ಮನೆಯೊಡತಿ ಬಸ್ಸು ಬೇಗ ಇರುತ್ತದೆಂದು ಮುಂಜಾನೆ ಡಬ್ಬಿ ತಾವೇ ಕಟ್ಟತೊಡಗಿದರು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕರಿ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತಾ ಕೂತಾಗ ನನ್ನ ಮನಸ್ಸು ತಣ್ಣಗಿರುತ್ತಿತ್ತು. ಮುಂಜಾನೆ ಒಂದು ಸಲ ಊರು ಬಿಡುವುದು, ಸಂಜೆ ಇನ್ನೊಂದು ಊರು ಬಿಡುವುದು. ನನಗೆ ಬೇಕಾಗಿದ್ದದ್ದು ಇಷ್ಟೇ ಆಗಿದ್ದರೆ ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎನ್ನಿಸಿತು. ಟ್ರಂಕು ಮಾತ್ರ ತುಂಬಿಯೇ ಇತ್ತು. ಬೇಕಾದ ಸೀರೆಯನ್ನು ಅದರಿಂದಲೇ ಎಳೆದು ಉಡುತ್ತಿದ್ದೆ.

ಕೊತ್ತಂಬರಿ ಏಳಲಿಲ್ಲ. ಬಂದ ಕೂಡಲೇ ಬೆರಳಿನಿಂದ ಮಣ್ಣು ಕೆರೆದು ನೋಡುತ್ತಿದ್ದೆ, ಕಾಳು ಉಬ್ಬಿದೆಯೋ, ಕೊಳೆತಿದೆಯೋ ಎಂದು. ಮನೆಯೊಡತಿ ಒಂದು ಸಂಜೆ ನನ್ನ ಕೈ ಹಿಡಿದೆತ್ತಿ, "ಬರ್ರಿ, ಚಹಾ ಆರತೈತಿ" ಎಂದು ಒಳಗೆ ಕರೆದುಕೊಂಡು ಹೋದರು. ಮರುದಿನ ಸಂಜೆ ಮಡಿಯ ತುಂಬ ಮಣ್ಣು ಬಿರಿದಿತ್ತು. ಬಿರುಕಿನಲ್ಲಿ ಬಗ್ಗಿದ ಹಸಿರು ಕತ್ತುಗಳು, ಕೆಲವು ಇನ್ನೂ ಕಾಳಿನ ಸಿಪ್ಪೆಯನ್ನು ಹೊತ್ತುಕೊಂಡೇ ನಿಂತಿದ್ದವು. ಕೈಚೀಲವನ್ನು ಹೆಗಲಿನಿಂದ ಇಳಿಸದೆ ಅಲ್ಲೇ ಕೂತೆ. ಕೋಣೆ ಹುಡುಕುವುದನ್ನು ಬಿಟ್ಟದ್ದು ಅವತ್ತಿನಿಂದ.

ಮಳೆ ಹಿಡಿದು ಬಂತು. ಕೊತ್ತಂಬರಿ ಗೇಣುದ್ದ ಬೆಳೆದರೂ ನಾನು ಕೀಳಲಿಲ್ಲ. ನಾಳೆ, ಇನ್ನೊಂದು ಎಲೆ ಬರಲಿ ಎನ್ನುತ್ತಾ ದಿನ ದೂಡಿದೆ. ಇಷ್ಟು ವರ್ಷ ಕಾಯಲಾಗದವಳಿಗೆ ಈಗ ಕೀಳುವುದೇ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ರೋಣದ ದವಾಖಾನೆಯಲ್ಲಿ ಊಟದ ಡಬ್ಬಿ ತೆರೆದೆ. ಅದೇ ಡಬ್ಬಿ, ಶಿರೋಳದಿಂದ ಹುಳು ತಂದದ್ದು. ರೊಟ್ಟಿ, ಬದನೆಕಾಯಿ ಪಲ್ಯ. ಪಲ್ಯ ಕಾಣದ ಹಾಗೆ ಮೇಲೆ ಹಸಿ ಕೊತ್ತಂಬರಿ ಹೆಚ್ಚಿ ಸುರಿದಿದ್ದರು. ನಾನು ಏಳುವ ಮೊದಲೇ ಮನೆಯೊಡತಿ ಕಿತ್ತಿರಬೇಕು. ಡಬ್ಬಿಯಿಂದ ಎದ್ದ ವಾಸನೆಗೆ ಡೇರೆ, ಬಚ್ಚಲ ನೀರು, ಅವ್ವನ ಚಪ್ಪಲಿ ಎಲ್ಲ ಒಟ್ಟಿಗೆ ನೆನಪಾದವು. ಒಂದು ತುತ್ತು ಬಾಯಿಗಿಟ್ಟೆ. ಅಗಿಯುತ್ತಾ ಇದ್ದ ಹಾಗೆ ಕಣ್ಣಿಂದ ನೀರು ಇಳಿಯತೊಡಗಿತು.

ಎದುರಿಗೆ ಕೂತಿದ್ದ ನರ್ಸ್ ನೀರಿನ ಲೋಟ ಮುಂದೆ ಸರಿಸಿದಳು. "ಮೆಣಸಿನಕಾಯಿ ಯಾಪಾರದವರ ಮನಿ ಅಡಗಿ. ಭಾಳ ಖಾರ ಆಗೇತೇನು?"

ಪಲ್ಯದಲ್ಲಿ ಆ ದಿನ ಖಾರವೇ ಇರಲಿಲ್ಲ.

"ಹೌದವಾ, ಭಾಳ ಖಾರ ಆಗೇತಿ," ಎಂದೆ. ಡಬ್ಬಿಯ ಮೂಲೆಯಲ್ಲಿ ಅಂಟಿಕೊಂಡಿದ್ದ ಕೊನೆಯ ಎಲೆಯನ್ನೂ ರೊಟ್ಟಿ ಚೂರಿನಿಂದ ಬಳಿದು ತಿಂದೆ. ಸಂಜೆ ಮನೆಗೆ ಹೋಗಿ ಟ್ರಂಕು ಖಾಲಿ ಮಾಡಿದೆ.